ಅಂಗೈಯ ಉರಿ

"ಉರೀತಾ?" ಲೂಥರ್ ಕೇಳಿದ.

"ಉರೀತು ಮಾರಾಯಾ, ಚರ್ಮವೇ ಕಿತ್ತು ಬಂದ ಹಾಗಾಯ್ತು," ಅಂದಳು ಲೆಸ್ಯಾ, ಹಿಡಿದ ಚೆಂಡನ್ನು ವಾಪಸು ಎಸೆಯುತ್ತಾ.

ಸುಳ್ಳು. ಈ ಚಳಿಗಾಲವಿಡೀ ಅವಳು ಇದೇ ಸುಳ್ಳು ಹೇಳಿಕೊಂಡು ಬಂದಿದ್ದಳು.

ಹೊರಗೆ ಕೆನಡಾದ ಸಸ್ಕಾಚೆವಾನಿನ ಬಯಲೆಲ್ಲ ಹಿಮ. ಅವಳಪ್ಪನ ಗೋಧಿ ಶೆಡ್ಡು ಖಾಲಿಯಾದ ಮೇಲೆ ವರ್ಷಾವರ್ಷ ಇವರ ಅಭ್ಯಾಸ ಅಲ್ಲೇ. ಲೂಥರ್ ಅಮೆರಿಕದ ಮಿಸಿಸಿಪ್ಪಿಯ ಕಪ್ಪು ಹುಡುಗ. ಕೈಯಲ್ಲಿ ಎಸೆದಾಡೋ ಅವರ ಫುಟ್‌ಬಾಲಿನಲ್ಲಿ ಚೆಂಡೆಸೆದು ತಂಡ ನಡೆಸೋ ಕ್ವಾರ್ಟರ್‌ಬ್ಯಾಕ್ ಜಾಗ ಕರಿಯರಿಗಲ್ಲ ಅಂದಿದ್ದರು ಅವನ ದೇಶದವರು. ಕೆನಡಾದವರು ಕರೆದು ಕೊಟ್ಟರು. ಅವನ ಆಟ ನೋಡೋಕೆ ಜನ ಕಂಬಳಿ ಹೊದ್ದು ಹಿಮದಲ್ಲೇ ಕೂರುತ್ತಿದ್ದರು.

ಆಗೆಲ್ಲ ಅವನ ಚೆಂಡು ಬರಿಗೈಲಿ ಹಿಡಿದರೆ ಅಂಗೈ ಕೆಂಡವಾಗೋದು. ಅವನು ಹೊರಗಿಂದ ಹಿಮ ತಂದು ಒತ್ತೋನು. ಹಿಮ ಕರಗಿ ನೀರಾದರೂ ಕೈ ಬಿಡೋದು ಇಬ್ಬರಿಗೂ ಮರೆತುಹೋಗೋದು. ಅದಕ್ಕಿಂತ ಮುಂದಿನ ಮಾತು ಮಾತ್ರ ಯಾರೂ ಆಡಿರಲಿಲ್ಲ.

ಈ ವರ್ಷ ಲೆಸ್ಯಾ ದಪ್ಪ ಕೈಗವಸು ಹಾಕಿದ್ದಳು. ಕೇಳಿದರೆ, "ವಯಸ್ಸಾಯ್ತಲ್ಲ," ಅಂತ ನಗೋಳು.

ಲೂಥರ್ ನಿಂತಲ್ಲಿ ನಿಲ್ಲಲಿಲ್ಲ. "ಆಡೋಕೆ ಬರ್ತೀಯಾ ಅಂತ ಪೂರ್ವದ ತಂಡದವರು ಇವತ್ತು ಸಂಜೆ ಇಲ್ಲಿಗೇ ಫೋನ್ ಮಾಡ್ತಾರೆ. ನಿನ್ನ ಕೈ ಉರಿದರೆ ಹೂಂ ಅಂತೀನಿ. ಡಾಕ್ಟರು ಭುಜಕ್ಕೆ ಇನ್ನೊಂದು ಏಟು ಬಿದ್ದರೆ ತೋಳೇ ಎತ್ತೋಕಾಗಲ್ಲ ಅಂತಾನೆ. ಅವನಿಗೇನು ಗೊತ್ತು?"

ಲೆಸ್ಯಾ ತನ್ನ ಕೈಗವಸು ನೋಡಿಕೊಂಡಳು. ನಿಜ ಹೇಳಿದರೆ ಇವಳಿಗೆ ತನ್ನನ್ನು ಕಟ್ಟಿಹಾಕೋ ಆಸೆ ಅಂತಾನೆ. ಆಸೆ ಇಲ್ಲ ಅನ್ನೋಕೂ ಬಾಯಿಲ್ಲ.

ಆದರೂ ಕೈಗವಸು ಕಳಚಿ ಎಸೆದಳು. "ಇರೋ ಶಕ್ತಿಯೆಲ್ಲ ಹಾಕಿ ಎಸಿ."

ಹಲ್ಲು ಕಚ್ಚಿ ಎಸೆದ. ಅವಳು ಹಿಡಿದಳು. ನಡೆದುಬಂದು ಎರಡೂ ಅಂಗೈ ಅವನ ಮುಂದೆ ಹಿಡಿದಳು. ಒಂಚೂರೂ ಕೆಂಪಾಗದೆ ಹಾಲಿನಂತೆ ಬೆಳ್ಳಗಿದ್ದವು.

"ಯಾವಾಗಿಂದ?"

"ಹಿಮ ಬಿದ್ದಾಗಿಂದ."

"ಮತ್ತೆ ಉರೀತು ಉರೀತು ಅಂತಿದ್ದೆಯಲ್ಲೇ?"

"ಹಾಗಂದಾಗ ನಿನ್ನ ಮುಖ ಬೆಳಗೋದು ನೋಡಬೇಕಿತ್ತು. ಅದನ್ನ ಆರಿಸೋಕೆ ಮನಸ್ಸು ಬರಲಿಲ್ಲ."

ಅವನು ಗೋಡೆಗೆ ಗುದ್ದಿದ. ತಗಡು ಝಣ್ ಅಂತು. ಅತ್ತ ಹೋದ, ಇತ್ತ ಬಂದ. ಅಷ್ಟರಲ್ಲಿ ಮನೆಯೊಳಗೆ ಫೋನ್ ಬಡಿದುಕೊಳ್ಳತೊಡಗಿತು.

ಲೆಸ್ಯಾ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

ಅವನು ಬಾಗಿಲನ್ನು ನೋಡಿದ. ಅವಳ ಅಂಗೈ ನೋಡಿದ. ಆಮೇಲೆ ಖಾಲಿ ಗೋಧಿ ಚೀಲಗಳ ರಾಶಿ ಮೇಲೆ ಕುಸಿದು ಕೂತ. ಈ ಚಳಿಗಾಲದಲ್ಲಿ ಅವನು ಕೂತದ್ದನ್ನು ಅವಳು ಕಂಡದ್ದು ಇದೇ ಮೊದಲು.

ಫೋನ್ ಬಡಿದು ಬಡಿದು ಸುಮ್ಮನಾಯಿತು.

"ನಿಮ್ಮಮ್ಮ ಪೆರೋಗಿ ಕಡುಬು ಮಾಡಿದಾರಾ?" ತಲೆ ಎತ್ತದೆ ಕೇಳಿದ.

"ಮಾಡಿದಾಳೆ. ಉಳಿಯೋರಿಗೆ ಮಾತ್ರ."

"ಎಷ್ಟು ದಿನ ಉಳಿದರೆ ಬಡಿಸ್ತಾರೆ?"

"ದಿನದ ಲೆಕ್ಕದೋರಿಗೆ ಇಲ್ಲ."

ಅವನು ಅವಳ ತಣ್ಣಗಿದ್ದ ಕೈ ಹಿಡಿದುಕೊಂಡ. ಆ ಸಂಜೆ ಹಿಮದ ನೆಪ ಬೇಕಾಗಲಿಲ್ಲ.