ಸ್ಪಾನ್ಸರ್ ಅಂದ್ರೆ ಯಾರು?

"ಸ್ಪಿರಿಟ್ ಕೊಡ್ರಿ!"

ರುದ್ರಾಣಿ ಔಷಧಿ ಕಿಟಕಿಯನ್ನು ಕುಟ್ಟಿದಳು. ಕಾಂಪೌಂಡರ್ ಹಾಲಸ್ವಾಮಿ ಮುಖ ಎತ್ತದೆ ಬಾಟಲಿ ಕುಕ್ಕಿದ.

ಅವಳು ಹೊನ್ನಾಳಿ ಆಸ್ಪತ್ರೆಗೆ ನರ್ಸಾಗಿ ಬಂದಾಗಿನಿಂದ, ಚೂರು ಹತ್ತಿ ಕೊಡಬೇಕಾದರೂ "ಊಟ ಆಯ್ತೇನ್ರಿ ಸಿಸ್ಟರ್?" ಎಂದು ಕೇಳುತ್ತಿದ್ದ ಮನುಷ್ಯ! 1984ರ ಆ ಬೇಸಿಗೆಯಲ್ಲಿ ಅವಳಿಗೆ ಕುವೈತಿನ ವೀಸಾ ಬಂದದ್ದೇ ತಡ, ಬಾಯಿಗೆ ಬೀಗ ಹಾಕಿಕೊಂಡುಬಿಟ್ಟ.

"ಏನಾಗೈತ್ರಿ ನಿಮಗೆ?"

"ನಮಗೇನಾಗೈತೆ? ನಿಮಗೇ ಅಲ್ಲೊಬ್ಬ ಗೊತ್ತಾಗ್ಯಾನಂತಲ್ಲ."

"ಯಾರು?"

"ಅದೇ... ಸ್ಪಾನ್ಸರ್ರು!"

ರುದ್ರಾಣಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. "ವೀಸಾ ಕಳಿಸಿ, ಇರಾಕೆ ಮನೆ ಕೊಟ್ಟು, ಊಟ ಹಾಕಿ, ಜವಾಬ್ದಾರಿ ಹೊರೋನು ಗಂಡನಲ್ದೆ ಇನ್ನೇನು?" ಎಂದು ತನ್ನೂರು ಬಿಳಿಚೋಡಿನಲ್ಲಿ ನಿರ್ಮಲಮ್ಮತ್ತೆ ಅಂದದ್ದೇ ಸಾಕಾಗಿತ್ತು, ಹೊನ್ನಾಳಿ ತನಕ ಗುಲ್ಲೋ ಗುಲ್ಲು. ಊರ ಬಾಯಿ ಮುಚ್ಚಿಸಲು ಆಗುತ್ತದೆಯೇ? ಹಾಳಾಗಲಿ. ಆದರೆ ಇವನೂ ನಂಬಿದನೇ? ಅದು ಅವಳ ಎದೆಗೆ ನಾಟಿತು.

"ಸ್ಪಾನ್ಸರ್ ಅಂದ್ರೆ ಆಸ್ಪತ್ರೆ ಕಣ್ರೀ! ನನ್ನ ಕೆಲಸಕ್ಕೆ ಕರೆಸ್ಕೊಳ್ಳೋ ಆಸ್ಪತ್ರೆ. ಅದಕ್ಕೆ ಆರು ಮಹಡಿ ಅದಾವೆ, ಮೀಸೆ ಇಲ್ಲ!"

ಹಾಲಸ್ವಾಮಿ ಬೆಪ್ಪಾದ. ಸಾಲಿನಲ್ಲಿದ್ದ ರೋಗಿಗಳು ಕಿಸಕ್ಕೆಂದರು.

ನಗದೆ ಉಳಿದವರು ಒಬ್ಬರೇ, ಅವಳನ್ನು ಸಾಕಿ ಬೆಳೆಸಿದ ಸೋದರಮಾವ ಮುರುಗೇಶಪ್ಪ. ಬೆಳಗಿನ ಬಸ್ಸಿಗೆ ಊರಿಂದ ಬಂದವರು ಬೆಂಚಿನ ಮೇಲೆ ಕುಳಿತಿದ್ದರು.

"ಆಸ್ಪತ್ರೆನೋ ಗಂಡನೋ, ಮಾನ ಹೋಗಿದ್ದು ಹೋತು. ವೀಸಾ ವಾಪಸ್ ಕೊಡು. ಈ ಹುಡುಗನ ಮ್ಯಾಲೆ ನಿನಗೆ ಮನಸೈತೆ ಅಂತ ನನಗೂ ಗೊತ್ತು. ಕುವೈತ್ ಬಿಟ್ರೆ, ಬರೋ ಶ್ರಾವಣಕ್ಕೆ ನಾನೇ ಮುಂದೆ ನಿಂತು ಮದುವೆ ಮಾಡ್ತೀನಿ."

ರುದ್ರಾಣಿ ಔಷಧಿ ಕಿಟಕಿಯ ಕಡೆ ನೋಡಿದಳು. ಬೇಕಾದವನು ಎದುರಿಗೇ ಇದ್ದಾನೆ. ಅವನು 'ಇರು' ಅಂದರೆ...? ಅಂದರೆ ತಾನು ಸೋತೇಬಿಡುತ್ತೇನೆ! ಅವನು ಬಾಯಿ ತೆರೆಯುವ ಮೊದಲೇ ಅವಳು ಗಟ್ಟಿಯಾಗಿ ಹೇಳಿದಳು.

"ಇಲ್ಲ ಮಾವ. ಎರಡು ವರ್ಷದ ಕರಾರು, ಅಲ್ಲಿ ನನಗೆ ಹಾರ್ಟ್ ಆಪರೇಷನ್ ವಾರ್ಡ್ ಕೊಡ್ತಾರೆ. ಬೊಂಬಾಯಿ ಇಂಟರ್‌ವ್ಯೂನಾಗೆ ನಾನೇ ಗೆದ್ದು ತಗಂಡಿದ್ದು. ಇಲ್ಲೇ ಇದ್ರೆ ಸಾಯೋತನ್ಕ ಸೂಜಿ ಕುದಿಸ್ತಿರಬೇಕು. ನನಗೆ ಮದುವೆನೂ ಬೇಕು, ಹೋಗೋದೂ ಬೇಕು. ಒಂದಕ್ಕೋಸ್ಕರ ಇನ್ನೊಂದನ್ನ ಬಿಡಲ್ಲ!"

"ಎರಡು ವರ್ಷ ಯಾವನು ಕಾಯ್ತಾನೆ?" ಮಾವ ಗುಡುಗಿದರು.

"ನಾನು."

ಹಾಲಸ್ವಾಮಿ ಹೊರಗೆ ಬಂದು ನಿಂತಿದ್ದ. "ಊರೋರ ಮಾತು ಕೇಳಿದ್ದು ನನ್ನ ತಪ್ಪು, ಸಿಸ್ಟರ್" ಎಂದವನು ಮಾವನ ಕಡೆ ತಿರುಗಿದ. "ಅವರು ಹೋಗ್ತಾರ್ರಿ. ನೀವು ಒಪ್ಪಿದ್ರೂ ಸೈ, ಒಪ್ಪದಿದ್ರೂ ಸೈ. ಬೊಂಬಾಯಿ ತನಕ ನಾನೇ ಕಳಿಸಾಕೆ ಹೋಗ್ತೀನಿ."

ಮುರುಗೇಶಪ್ಪ ಟವಲ್ ಕೊಡವಿಕೊಂಡು ಎದ್ದು ನಡೆದರು.

ಅಷ್ಟು ಹೊತ್ತು ಸೆಟೆದು ನಿಂತಿದ್ದ ರುದ್ರಾಣಿಯ ಕಣ್ಣು ಈಗ ತುಂಬಿತು.

"ನನ್ನ ಬಿಟ್ಟು ಇರ್ತೀರಾ?"

"ಒದ್ದಾಡ್ತೀನಿ. ಆದ್ರೂ ನೀವು ಹೋಗ್ರಿ."

"ಊರಿಗೆ ಹೊರಟೋರಿಗೆ ಯಾರಾದ್ರೂ 'ಹೋಗ್ರಿ' ಅಂತಾರೇನು?" ಅಳುತ್ತಲೇ ಗದರಿದಳು. "ಸರಿಯಾಗಿ ಹೇಳ್ರಿ!"

ಹಾಲಸ್ವಾಮಿ ಮೊದಲ ಸಲ 'ಸಿಸ್ಟರ್' ಬಿಟ್ಟ, 'ರೀ' ಬಿಟ್ಟ.

"ಹೋಗಿ ಬಾ, ರುದ್ರಾಣಿ."