ಅವ್ವನ ಮುಖದ ಮೇಲಿನ ಬೆಳಕು

"ಈಗ ಏನು ಕಾಣಸ್ತೈತ್ರಿ, ಅಕ್ಕೋರ?" ಎಂದು ಡಾ. ಅನ್ವಿತಾ ಮುಳಗುಂದ ಕೇಳಿದರು.

ತೇಜಸ್ವಿನಿ ಕಮ್ಮಾರ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಈಜುವವರು ಹಾಕಿಕೊಳ್ಳುವಂಥ ಟೋಪಿಯೊಂದು ಅವರ ತಲೆಗೆ ಬಿಗಿಯಾಗಿ ಕೂತಿತ್ತು. ಅದರ ಒಳಮೈಗೆ ಹೊಲಿದಿದ್ದ ಸಣ್ಣ ತಂತಿಸುರುಳಿಗಳು ಮಿದುಳಿಗೆ ಮೆಲುವಾದ ಕಾಂತಸ್ಪಂದನಗಳನ್ನು ಕಳಿಸುತ್ತಿದ್ದವು. ನೋವಿಲ್ಲ, ಸದ್ದಿಲ್ಲ. ಯಾರೋ ದೂರದಿಂದ ಹೆಸರು ಹಿಡಿದು ಕರೆದಂತೆ ಅನಿಸುತ್ತದೆ ಎಂದು ಹಾಕಿಕೊಂಡವರು ಹೇಳುತ್ತಿದ್ದರು.

"ಹಳದಿ ಛತ್ರಿ," ಎಂದರು ತೇಜಸ್ವಿನಿ. "ಒಬ್ಬ ದಪ್ಪ ಮನಷ್ಯಾ ಓಡಾಕತ್ತಾನ. ರೈಲು ಐತಿ. ಬಾಜೂಕ ನಮ್ಮವ್ವ. ನಗಾಕತ್ತಾಳ್ರಿ. ಸೆರಗು ಬಾಯಿಗೆ ಒತ್ತಿ ಹಿಡಕೊಂಡು, ಭುಜ ಅಲಗಾಡಿಸಿಕೋಂತ ನಗಾಕತ್ತಾಳ."

ಹೇಳುತ್ತ ಹೇಳುತ್ತ ಐವತ್ತೇಳು ವರ್ಷದ ಆ ಹೆಂಗಸು ತಾವೂ ನಕ್ಕರು. ಏಳು ವರ್ಷದ ಹುಡುಗಿಯ ನಗು ಅದು. ಯಂತ್ರದ ಪರದೆಯ ಮೇಲೆ ಮಾತ್ರ ಒಂದು ಹಸಿರು ಗೆರೆ ಏರುತ್ತ ಇಳಿಯುತ್ತ ಸಾಗುತ್ತಿತ್ತು.

ಇದು ೨೦೬೨ರ ಮಾತು. ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಅನ್ವಿತಾ ಈ ಸ್ಮರಣಶೋಧಕವನ್ನು ಕಟ್ಟಿದ್ದು ಮರೆವಿನ ಕಾಯಿಲೆಯವರಿಗಾಗಿ. ಹಳೆಯ ನೆನಪೊಂದನ್ನು ಮಿದುಳಿನಲ್ಲಿ ಕೆದಕಿ ಮತ್ತೆ ಹೊಚ್ಚ ಹೊಸದಾಗಿಸುವುದು ಅದರ ಕೆಲಸ. ಆದರೆ ಊರಿಗೆ ಸುದ್ದಿ ಹಬ್ಬಿದ ಮೇಲೆ ಬಾಗಿಲಿಗೆ ಬಂದವರು ಬೇರೆಯೇ ಜನ. ಚಿಕ್ಕಂದಿನಲ್ಲಿ ಅರ್ಧ ನೋಡಿ ಮರೆತ ಸಿನಿಮಾ ಹುಡುಕಿಕೊಡಿ ಎಂದು ಕೇಳುವವರು. ಹೆಸರು ಗೊತ್ತಿಲ್ಲ, ನಟರು ಗೊತ್ತಿಲ್ಲ, ಒಂದು ಬಾವಿ ನೆನಪಿದೆ, ಒಂದು ಕುದುರೆ ನೆನಪಿದೆ. ಕುತೂಹಲಕ್ಕೆಂದು ಶುರುಮಾಡಿದ್ದು ವರ್ಷದೊಳಗೆ ಕೇಂದ್ರದ ಮುಖ್ಯ ಕೆಲಸವಾಯಿತು. ಡಾಕ್ಟರಮ್ಮ ಊರಿಗೆಲ್ಲ ಟೋಪಿ ಹಾಕುತ್ತಿದ್ದಾಳೆ ಎಂದು ಜನ ತಮಾಷೆ ಮಾಡಿದರೂ ಸಾಲು ಕಡಿಮೆಯಾಗಲಿಲ್ಲ. ಸಿನಿಮಾ ಸಿಕ್ಕವರಲ್ಲಿ ಮುಕ್ಕಾಲು ಪಾಲು ಜನ 'ಇಷ್ಟು ಕೆಟ್ಟ ಸಿನಿಮಾನಾ ಇದು' ಎಂದು ಮುಖ ಸಪ್ಪಗೆ ಮಾಡಿಕೊಂಡು ಹೋದದ್ದೂ ನಿಜ.

ಯಂತ್ರಕ್ಕೆ ಒಂದು ಮಿತಿಯಿತ್ತು. ನೆನಪಿನಲ್ಲಿರುವ ಚಿತ್ರ ಅದಕ್ಕೆ ಕಾಣುತ್ತಿರಲಿಲ್ಲ. ಚಿತ್ರ ಕಾಣುತ್ತಿದ್ದುದು ಕಣ್ಣು ಮುಚ್ಚಿ ಕುಳಿತವರಿಗೆ ಮಾತ್ರ. ಯಂತ್ರಕ್ಕೆ ಸಿಗುತ್ತಿದ್ದುದು ಬೆಳಕು ಕತ್ತಲೆಗಳ ಏರಿಳಿತವೊಂದೇ. ಅಷ್ಟೇ ಸಾಕಾಗುತ್ತಿತ್ತು. ಸಿನಿಮಾದಲ್ಲಿ ದೃಶ್ಯ ಬದಲಾದಾಗಲೆಲ್ಲ ತೆರೆಯ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಒಂದು ಸಿನಿಮಾದ ಏರಿಳಿತ ಇನ್ನೊಂದರಂತೆ ಇರುವುದಿಲ್ಲ, ಹೆಬ್ಬೆಟ್ಟಿನ ಗುರುತಿನ ಹಾಗೆ. ದೇಶದ ಸಂಗ್ರಹಾಲಯಗಳಲ್ಲಿರುವ ಎಲ್ಲ ಚಿತ್ರಗಳ ಗುರುತುಗಳನ್ನೂ ಅನ್ವಿತಾ ಗಣಕದಲ್ಲಿ ತುಂಬಿಟ್ಟಿದ್ದರು. ಗೆರೆಗೆ ಗೆರೆ ಕೂಡಿದರೆ ಸಿನಿಮಾ ಸಿಕ್ಕಿತೆಂದೇ ಅರ್ಥ.

ತೇಜಸ್ವಿನಿಯವರ ಹಂಬಲ ಮಾತ್ರ ಉಳಿದವರಂತಲ್ಲ. ಹುಬ್ಬಳ್ಳಿಯ ಪ್ರೌಢಶಾಲೆಯಲ್ಲಿ ಜೀವಮಾನವಿಡೀ ಗಣಿತ ಕಲಿಸಿದ ಅಕ್ಕೋರು ಅವರು. ತಾಯಿ ಕಾಮಾಲೆಯಾಗಿ ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್.

"ನಿಮ್ಮವ್ವನಂಥಾ ಅಳುಮುಂಜಿ ಯಾರೂ ಇರ್ಲಿಲ್ಲ, ಒಂದಿನಾನೂ ನಕ್ಕಿದ್ದು ನಾ ನೋಡಿಲ್ಲ, ಅಂತ ಅಪ್ಪ ಸಾಯೂಮಟ ಅಂದ್ರು," ಎಂದು ಮೊದಲ ದಿನವೇ ಅವರು ಹೇಳಿಕೊಂಡಿದ್ದರು. "ನಾ ನೋಡೇನಿ ಅಂತ ಹೇಳತಿದ್ದೆ. ಆಕಿ ಜೋಡಿ ಒಮ್ಮೆ ಸಿನಿಮಾಕ್ಕ ಹೋಗಿದ್ದೆ, ಕಣ್ಣಾಗ ನೀರು ಬರೂಮಟ ನಕ್ಕಿದ್ಲು. ಯಾವ ಸಿನಿಮಾ, ಏನು ನೋಡಿ ನಕ್ಲು ಅಂತ ಅಪ್ಪ ಕೇಳಿದ್ರ ನನಗ ಹೇಳಾಕ ಬರತಿದ್ದಿಲ್ಲ. ಅಪ್ಪ ಹೋದ್ರು. ಆದ್ರೂ ನನಗ ಅದು ಬೇಕ್ರಿ, ಡಾಕ್ಟರ. ನಮ್ಮವ್ವನ್ನ ನಗಿಸಿದ್ದು ಏನು ಅಂತ ಒಮ್ಮೆ ನೋಡಬೇಕು."

ಫೋಟೊಗಳಿರಲಿಲ್ಲವೆಂದಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಬಾಸಿಂಗ ಕಟ್ಟಿಕೊಂಡು ತಲೆತಗ್ಗಿಸಿದ ಹುಡುಗಿಯೊಬ್ಬಳಿದ್ದಳು. ಆಧಾರ್ ಕಾರ್ಡಿನಲ್ಲೂ ಒಬ್ಬಳಿದ್ದಳು, ಆದರೆ ಆ ಕಾರ್ಡಿನಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಿದ್ದರು? ನಗುವ ಅವ್ವ ಇದ್ದದ್ದು ಮಗಳ ತಲೆಯೊಳಗೆ ಮಾತ್ರ.

ಹಾಗೆ ಆ ದಿನ ಹಸಿರು ಗೆರೆ ಸಿಕ್ಕಿತು. ಆದರೆ ಅದು ಯಾವ ಚಿತ್ರಕ್ಕೂ ಸರಿಯಾಗಿ ಕೂಡಲಿಲ್ಲ. ಬೆಳಕು ತೀರ ಮಂದವಾಗಿತ್ತು, ಅಂಚುಗಳು ಮಸುಕಾಗಿದ್ದವು. ಅನ್ವಿತಾ ಮತ್ತೆ ಮತ್ತೆ ನೋಡಿದರು. ಆಮೇಲೆ ಅವರಿಗೆ ಹೊಳೆಯಿತು. ಈ ಹುಡುಗಿ ತೆರೆಯನ್ನು ನೋಡುತ್ತಲೇ ಇರಲಿಲ್ಲ. ಹಳದಿ ಕೊಡೆಯನ್ನು ಒಮ್ಮೆ ಕಂಡು, ಮಿಕ್ಕ ಹೊತ್ತೆಲ್ಲ ಪಕ್ಕಕ್ಕೆ ತಿರುಗಿ ತಾಯಿಯ ಮುಖ ನೋಡುತ್ತ ಕೂತಿದ್ದಳು. ಕತ್ತಲ ಥಿಯೇಟರಿನಲ್ಲಿ ತೆರೆಯ ಬೆಳಕು ನೋಡುವವರ ಮುಖದ ಮೇಲೂ ಆಡುತ್ತದೆ. ಮಗುವಿನ ನೆನಪಿನಲ್ಲಿ ಉಳಿದದ್ದು ಆ ಬೆಳಕು.

ಮುಖದ ಮೇಲಿನ ಬೆಳಕಿನಿಂದ ಸಿನಿಮಾ ಹುಡುಕುವುದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಅನ್ವಿತಾಗೆ ಸಂತೋಷವಾಯಿತು. ಒಂದಿಷ್ಟು ಹೆಮ್ಮೆಯೂ ಆಯಿತು. ಚರ್ಮ ಎಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ ಎಂಬ ಲೆಕ್ಕ ಹಾಕಿ, ಗೆರೆಯನ್ನು ತಿದ್ದಿ, ಹುಡುಕಾಟಕ್ಕೆ ಬಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಗಣಕ ಒಂದೇ ಒಂದು ಚಿತ್ರವನ್ನು ಮುಂದಿಟ್ಟಿತು. ೨೦೧೨ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ವಾರ ಓಡಿ ಡಬ್ಬ ಸೇರಿದ, ಯಾರಿಗೂ ನೆನಪಿರದ ಸಿನಿಮಾ.

"ಸಿಕ್ತ್ರಿ, ಅಕ್ಕೋರ," ಎಂದು ಅವರು ಹೊರಗೆ ಬಂದು ಹೇಳಿದರು.

ತೇಜಸ್ವಿನಿ ಎದ್ದು ನಿಂತರು. ಕೂತರು. ಮತ್ತೆ ಎದ್ದರು. "ತೋರಸ್ರಿ ಹಂಗಾರ."

ಇಲ್ಲಿ ಒಂದು ನಿಯಮವಿತ್ತು. ಅದನ್ನು ಮಾಡಿದವರೂ ಅನ್ವಿತಾರೇ. ಕೆದಕಿದ ನೆನಪು ಕೆಲವು ತಾಸು ಮೆತ್ತಗಿರುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಅದರೊಳಗೆ ಏನು ಬಿದ್ದರೂ ಅದೂ ಸೇರಿಯೇ ಗಟ್ಟಿಯಾಗುತ್ತದೆ, ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ಸಿಕ್ಕ ಸಿನಿಮಾವನ್ನು ಮರುದಿನದವರೆಗೆ ತೋರಿಸಬಾರದು.

"ಹೆಪ್ಪು ಹಾಕಿದ ಹಾಲು ಇದ್ದಂಗ್ರಿ," ಎಂದು ಅನ್ವಿತಾ ಬಿಡಿಸಿ ಹೇಳಿದರು. "ಈಗ ಅಲಗಾಡಸಬಾರದು. ನಾಳೆ ಬರ್ರಿ."

"ಐವತ್ತು ವರ್ಷ ಹೆಪ್ಪುಗಟ್ಟಿದ್ದು ಇನ್ನೊಂದು ತಾಸಿನ್ಯಾಗ ಏನು ಕೆಡತೈತ್ರಿ? ನಾಳೆ ಅನ್ನೂದ್ರಾಗ ನಾ ಇರತೀನೋ ಇಲ್ಲೋ." ಅಕ್ಕೋರು ಹಟಕ್ಕೆ ಬಿದ್ದರು. "ಒಳ್ಳೇ ನೆನಪ ಐತಲ್ರಿ ಅದು. ನಗೂದು ನೋಡಿದ್ರ ನಗು ಇನ್ನಷ್ಟು ಗಟ್ಟಿ ಆಗತೈತಿ, ಹೌದಲ್ಲ? ಮತ್ತ ಒಂದು ಮಾತು. ನೀವು ಮೊದಲ ಒಬ್ಬರ ನೋಡಬ್ಯಾಡ್ರಿ. ಇಬ್ಬರೂ ಕೂಡೇ ನೋಡೂಣು."

ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಿಜ ಹೇಳಬೇಕೆಂದರೆ, ಅನ್ವಿತಾಗೂ ತಡೆಯಲಾಗುತ್ತಿರಲಿಲ್ಲ. ತನ್ನ ಯಂತ್ರ ಒಂದು ಮುಖದಿಂದ ಸಿನಿಮಾ ಹುಡುಕಿದ್ದು ನಿಜವೋ ಸುಳ್ಳೋ ಎಂದು ಆಗಲೇ ಕಾಣಬೇಕಿತ್ತು. ದೃಶ್ಯವನ್ನು ಮೊದಲು ತಾನೊಬ್ಬಳೇ ನೋಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ನೋಡಲಿಲ್ಲ. ಕ್ಯಾಂಟೀನಿನಿಂದ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಭಜಿ ತರಿಸಿದರು. ಸಿನಿಮಾ ಅಂದಮೇಲೆ ಬಾಯಾಡಿಸಲು ಏನಾದರೂ ಬೇಕೆಂದು ಅಕ್ಕೋರೇ ಹೇಳಿದ್ದು. ಕಿಟಕಿಯ ಪರದೆ ಎಳೆದು ಇಬ್ಬರೂ ಕೂತರು.

ರೈಲು ನಿಲ್ದಾಣದ ದೃಶ್ಯ. ದಪ್ಪ ಮನುಷ್ಯನೊಬ್ಬ ಹಳದಿ ಕೊಡೆ ಬೀಸುತ್ತ ಓಡಿಬಂದು, ಕೊನೆಯ ಬೋಗಿಗೆ ಹೊಟ್ಟೆ ತೂರಿಸಲು ಒದ್ದಾಡಿ, ಹೇಗೋ ಒಳಗೆ ಬಿದ್ದ. ತೇಜಸ್ವಿನಿ ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟು ನಕ್ಕರು. "ಇವನ ನೋಡ್ರಿ, ಇವನ."

ಆದರೆ ಗಣಕ ತೋರಿಸಿದ ಜಾಗ ಇದಾಗಿರಲಿಲ್ಲ. ಗೆರೆಗೆ ಗೆರೆ ಕೂಡುವ ಜಾಗ ಇನ್ನೂ ಮುಂದಿತ್ತು. ಅದೇ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಾಲ ಬಳಿ ಟ್ರಂಕು, ತೊಡೆಯ ಮೇಲೆ ನಿದ್ದೆಹೋದ ಮಗು. ಕೈಯಲ್ಲಿ ಟಿಕೆಟು. ರೈಲು ಹೊರಟಿತು. ಅವಳು ಏಳಲಿಲ್ಲ. ಬೋಗಿಯ ಕಿಟಕಿಗಳ ಬೆಳಕು ಒಂದರ ಹಿಂದೊಂದು ಅವಳ ಮುಖದ ಮೇಲೆ ಹಾದುಹೋಯಿತು. ಬೆಳಕು, ಕತ್ತಲೆ, ಬೆಳಕು, ಕತ್ತಲೆ. ರೈಲಿನ ವೇಗ ಹೆಚ್ಚಿದಂತೆ ಅದೂ ಬೇಗಬೇಗ ಬಡಿಯಿತು, ಆಮೇಲೆ ನಿಂತುಹೋಯಿತು. ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು, ಟ್ರಂಕು ಎತ್ತಿಕೊಂಡು, ಬಂದ ದಾರಿಯಲ್ಲೇ ಮನೆಗೆ ವಾಪಸು ನಡೆದಳು.

ಅನ್ವಿತಾ ಚಿತ್ರ ನಿಲ್ಲಿಸಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಸೆರಗು ಬಾಯಿಗೊತ್ತಿ ಭುಜ ಅಲುಗಿಸುವುದು ನಗುವಾಗ ಮಾತ್ರವಲ್ಲ.

"ಆ ದಪ್ಪ ಮನಷ್ಯಾ ಹೋಗಿ ಎಷ್ಟೊತ್ತಾಗಿತ್ರಿ ಆಗ?" ಎಂದು ತೇಜಸ್ವಿನಿ ಕೇಳಿದರು. ಗಣಿತದ ಅಕ್ಕೋರು, ಲೆಕ್ಕ ಬಿಡಲಿಲ್ಲ.

"ಒಂದೆರಡು ನಿಮಿಷ ಆಗಿತ್ರಿ. ನಿಮ್ಮವ್ವನ ಮುಖದ ಮ್ಯಾಲೆ ನೀವು ಕಂಡ ಬೆಳಕು ಈ ಬೆಂಚಿನ ಹೊತ್ತಿಂದು."

"ಹಂಗಾರ ನಕ್ಕಾಕಿ ನಾನ. ಅವ್ವ ಅಳಾಕತ್ತಿದ್ಲು." ಅವರು ತೆರೆಯನ್ನೇ ನೋಡುತ್ತಿದ್ದರು. "ನಮ್ಮವ್ವನ ಟ್ರಂಕು ಯಾವಾಗ್ಲೂ ಮಂಚದ ಕೆಳಗ ಅರಿವಿ ತುಂಬಿಕೊಂಡ ಇರತಿತ್ರಿ. ತವರಿಗೆ ಹೋಗಾಕ ಅಂತಿದ್ಲು. ಸ್ಟೇಷನ್ನೂ ಮನಿಗೆ ಹತ್ತರನ ಇತ್ತು. ಹೋಗಲೇ ಇಲ್ಲ. ನನ್ನ ಸಲುವಾಗಿ ಹೋಗಲಿಲ್ಲೇನೋ."

ಅನ್ವಿತಾ ಎದ್ದು ಕಿಟಕಿಯ ಪರದೆ ಸರಿಸಿದರು. ಗಿರಮಿಟ್ಟು ತಟ್ಟೆಯಲ್ಲೇ ಮೆತ್ತಗಾಯಿತು. ಸಂಜೆ ತೇಜಸ್ವಿನಿ ಹುಬ್ಬಳ್ಳಿಗೆ ಹೊರಟಾಗ ಅನ್ವಿತಾ ಬಸ್ಸಿನವರೆಗೂ ಜೊತೆಗೆ ಹೋದರು. ಅಕ್ಕೋರು ಥ್ಯಾಂಕ್ಸ್ ಹೇಳಿದರು. ಅದನ್ನು ಕೇಳುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಯಿತು.

ಒಂದು ತಿಂಗಳ ಮೇಲೆ ತೇಜಸ್ವಿನಿ ತಾವಾಗಿಯೇ ಮತ್ತೆ ಬಂದರು. ಸೊರಗಿದ್ದರು.

"ಅಳೋ ಅವ್ವ ಆದ್ರೂ ಅಡ್ಡಿ ಇದ್ದಿಲ್ರಿ," ಎಂದರು. "ಈಗ ಆಕಿನ ಇಲ್ಲ. ಕಣ್ಣು ಮುಚ್ಚಿದ್ರ ಆ ಸಿನಿಮಾದಾಕಿ ಬರತಾಳ, ಬೆಂಚಿನ ಮ್ಯಾಲೆ ಕೂತಾಕಿ. ಬಾಜೂಕ ತಿರುಗಿ ನೋಡಿದ್ರ ಖುರ್ಚಿ ಖಾಲಿ. ಇನ್ನೊಮ್ಮೆ ಟೋಪಿ ಹಾಕಿ ನೋಡ್ರಿ, ಎಲ್ಲೆರ ಒಂದೀಟು ಉಳದಿದ್ರ."

ಅನ್ವಿತಾ ಹಾಕಿದರು. ಗೆರೆ ಬಂತು. ಈ ಸಲ ಅದು ಮಂದವಾಗಿರಲಿಲ್ಲ, ಮಸುಕೂ ಇರಲಿಲ್ಲ. ಸಿನಿಮಾದ ಗುರುತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ಅದು ಮುಖದ ಬೆಳಕಲ್ಲ, ತೆರೆಯ ಬೆಳಕು. ತೋರಿಸಿದ ಚಿತ್ರ ಹಳೆಯ ನೆನಪಿನ ಜಾಗದಲ್ಲಿ ಪೂರ್ತಿಯಾಗಿ ಕೂತುಬಿಟ್ಟಿತ್ತು. ಯಂತ್ರದ ಲೆಕ್ಕದಲ್ಲಿ ಇದಕ್ಕಿಂತ ಶುದ್ಧವಾದ ನೆನಪು ಬೇರೆ ಇಲ್ಲ.

"ನಾ ತಪ್ಪು ಮಾಡಿದೆ, ಅಕ್ಕೋರ. ನೀವು ಏನ ಅಂದ್ರೂ ಅವತ್ತು ತೋರಸಬಾರದಿತ್ತು."

"ಹಟ ಹಿಡದಾಕಿ ನಾನ. ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು."

ಏನಾದರೂ ಕೊಟ್ಟು ಕಳಿಸಬೇಕೆಂದು ಅನ್ವಿತಾರ ಜೀವ ಒದ್ದಾಡಿತು. ಮೊದಲ ಸಲ ಟೋಪಿ ಹಾಕಿದಾಗ ಸಿಕ್ಕ ಗೆರೆಯನ್ನು ತೆರೆದು ಅವರ ಮುಂದೆ ಇಟ್ಟರು. ರೈಲಿನ ದೃಶ್ಯ ಮುಗಿದ ಮೇಲೆ ಅಲ್ಲೊಂದು ಕಡೆ ಬೆಳಕು ಅರ್ಧಕ್ಕೆ ಇಳಿದಿತ್ತು. ಸಿನಿಮಾದಲ್ಲಿ ಅಂಥದ್ದೇನೂ ಇರಲಿಲ್ಲ.

"ಇಲ್ಲಿ ನೋಡ್ರಿ. ನಿಮ್ಮವ್ವ ತೆರೆ ಬಿಟ್ಟು ನಿಮ್ಮ ಕಡೆ ಹೊಳ್ಳ್ಯಾರ. ಅದಕ್ಕ ಒಂದ ಗಲ್ಲದ ಮ್ಯಾಲೆ ಬೆಳಕು. ನೀವು ನಗೂದು ಕೇಳಿ ಹೊಳ್ಳಿರಬೇಕು. ಭಾಳ ಹೊತ್ತು ನಿಮ್ಮನ್ನ ನೋಡ್ಯಾರ."

ತೇಜಸ್ವಿನಿ ಆ ಹಸಿರು ಗೆರೆಯ ಮೇಲೆ ಬೆರಳಿಟ್ಟರು. "ಆವಾಗ ನಕ್ಕಿರಬಹುದೇನ್ರಿ? ನಾ ನಗೂದು ನೋಡಿ?"

"ಮಷೀನಿಗೆ ಬೆಳಕಷ್ಟ ತಿಳಿತೈತ್ರಿ. ನಗು, ಅಳು ತಿಳಿಯೂದಿಲ್ಲ. ಅದು ನಿಮಗಷ್ಟ ಗೊತ್ತು."

"ಗೊತ್ತಿತ್ರಿ," ಎಂದರು ತೇಜಸ್ವಿನಿ. "ನನಗ ಗೊತ್ತಿತ್ತು."

ಅವರು ಮತ್ತೆ ಬರಲಿಲ್ಲ. ಸ್ಮರಣಶೋಧಕವನ್ನು ಅನ್ವಿತಾ ಮುಚ್ಚಿಬಿಡಲಿಲ್ಲ. ಮರೆವಿನ ಕಾಯಿಲೆಯವರಿಗೆ ಅದರಿಂದ ಉಪಕಾರವಾಗುತ್ತಿತ್ತು, ಸಿನಿಮಾ ಹುಡುಕುವವರೂ ಬರುತ್ತಲೇ ಇದ್ದರು. ಆದರೆ ಅನ್ವಿತಾ ಟೋಪಿ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳತೊಡಗಿದರು. ಆ ಸಿನಿಮಾ ನೋಡುವಾಗ ನಿಮ್ಮ ಪಕ್ಕದಲ್ಲಿ ಕೂತಿದ್ದವರು ಯಾರು? ಅವರು ಬದುಕಿದ್ದಾರೆಯೆ? ಹೌದೆಂದವರನ್ನು, ಮೊದಲು ಅವರ ಬಳಿ ಹೋಗಿ ಮಾತಾಡಿ ಬನ್ನಿ ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಕೆಲವರಿಗೆ ಸಿಟ್ಟು ಬರುತ್ತಿತ್ತು. ಹಾಗೆ ಹೋದವರಲ್ಲಿ ಬಹಳ ಜನ ತಿರುಗಿ ಬರಲೇ ಇಲ್ಲ. ಸಿನಿಮಾ ಸಿಕ್ಕಿತೋ ಇಲ್ಲವೋ ತಿಳಿಯದು, ಅದರ ಅಗತ್ಯ ಮಾತ್ರ ಅವರಿಗೆ ಉಳಿದಿರಲಿಲ್ಲವೆಂದು ತೋರುತ್ತದೆ.

೨೦೧೨ರ ಆ ಮಧ್ಯಾಹ್ನ ಮ್ಯಾಟಿನಿ ಬಿಟ್ಟ ಮೇಲೆ ತಾಯಿ ಮಗಳು ಆಟೊದಲ್ಲಿ ಮನೆಗೆ ಹೋಗಿರಬೇಕು. ಅವ್ವಾ, ಯಾಕ ನಕ್ಕಿ ಎಂದು ಮಗು ಕೇಳಲಿಲ್ಲ. ಏಳು ವರ್ಷದ ಮಗುವಿಗೆ ಅದು ತೋಚದಿದ್ದರೆ ತಪ್ಪೇನಿಲ್ಲ. ಕೇಳಿದ್ದರೆ ತಾಯಿ ಏನಾದರೊಂದು ಹೇಳುತ್ತಿದ್ದಳು, ಸುಳ್ಳಾದರೂ ಹೇಳುತ್ತಿದ್ದಳು, ಅದೂ ಮಗಳ ಬಳಿ ಉಳಿಯುತ್ತಿತ್ತು. ಆಗ ಅದಕ್ಕೆ ಯಂತ್ರ ಬೇಕಿರಲಿಲ್ಲ. ಈ ಕತೆ ಓದುತ್ತಿರುವವರಲ್ಲಿ ಅನೇಕರಿಗೆ ಕೇಳುವುದಕ್ಕೆ ಅವ್ವ ಇನ್ನೂ ಇದ್ದಾಳೆ, ಅವರಿಗೆ ಇವತ್ತಿಗೂ ಯಂತ್ರ ಬೇಕಿಲ್ಲ.