ಒಂದು ಏಟೆಂದರೆ ತಡಿ

ದೇವರ ಮುಂದೆ ನಿಂತು ಹೇಳುವಂತೆ ಹೇಳುತ್ತಿದ್ದೇನೆ. ಹಳೇ ಡೀಸೆಲ್ ರೈಲಿನ ಹನ್ನೆರಡು ಸಿಲಿಂಡರಿನ ಎಂಜಿನ್ ತೆಗೆದು ಎಂಟರದ್ದನ್ನು ಕೂರಿಸಿದ್ದೆವು. ಬೋಲ್ಟ್ ಬಿಗಿಯಲು ನಾನು ಅದರ ಹೊಟ್ಟೆಯೊಳಗೆ ಮುದುಡಿ ಮಲಗಿದ್ದೆ. ಎಂಜಿನ್ನಿನ ಶಾಫ್ಟ್ ತಿರುಗಿಸುವ ಮುಂಚೆ, ಜೊತೆಗೆ ಕೆಲಸ ಮಾಡುವ ನನ್ನ ಭಾವ ಹೊರಗಿನಿಂದ ತಟ್ಟಿ ಕೇಳುತ್ತಾರೆ. ಒಳಗಿನಿಂದ ಒಂದು ಏಟೆಂದರೆ ತಡಿ, ಎರಡೆಂದರೆ ತಿರುಗಿಸು.

ಅವರು ತಟ್ಟಿದಾಗ ನನ್ನ ತೋಳು ಇನ್ನೂ ಸಂದಿಯಲ್ಲಿತ್ತು. ಒಂದು ಏಟು ಹೊಡೆದೆ. ಹಳೆಯದರ ಒಂಬತ್ತನೇ ಸಿಲಿಂಡರ್ ಇದ್ದ ಕಡೆಯಿಂದ, ಈಗ ಬರೀ ಕಬ್ಬಿಣದ ಗೋಡೆಯಿರುವಲ್ಲಿಂದ, ಇನ್ನೊಂದು ಏಟು ಬಿತ್ತು. ಶಾಫ್ಟ್ ನನ್ನ ತೋಳನ್ನು ಅದುಮಿತು. "ಭಾವಾ!" ಎಂದು ಅರಚಿದೆ.

"ಎರಡು ಹೊಡೆದು ಈಗ ಬೊಬ್ಬೆ ಹಾಕ್ತೀಯಲ್ಲೋ!" ಎಂದು ಬೈಯುತ್ತಲೇ ಅವರು ಹಿಂದಕ್ಕೆ ತಿರುಗಿಸಿ ನನ್ನನ್ನು ಹೊರಗೆಳೆದರು.

ನಾವಿಬ್ಬರೂ ಹೊರಗೆ ನಿಂತಿದ್ದಾಗ ಒಳಗಿನಿಂದ ಒಂದೇ ಒಂದು ಏಟು ಕೇಳಿಸಿತು. ಇವತ್ತಿಗೂ ಭಾವ ಆ ಶಾಫ್ಟ್ ಮುಟ್ಟಿಲ್ಲ.